ಮೈಕ್‌ಸೆಟ್ ಮನೆಯ ಕೂಸು

ನ್ಯಾಮತಿಯಲ್ಲಿ ಬರೀ ಷಣ್ಮುಖಪ್ಪ ಅಂದರೆ ಯಾವ ಷಣ್ಮುಖಪ್ಪ ಎಂದು ಜನ ತಿರುಗಿ ಕೇಳುತ್ತಿದ್ದರು. ಮೈಕಿನ ಷಣ್ಮುಖಪ್ಪ ಅಂದರೆ ಸಾಕು, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಗೆ ಕೈ ತೋರಿಸಿಬಿಡುತ್ತಿದ್ದರು. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಮದುವೆಯಿರಲಿ, ಗೃಹಪ್ರವೇಶವಿರಲಿ, ಶ್ರಾವಣದ ಪುರಾಣವಿರಲಿ, ಚಪ್ಪರದ ಕಂಬಕ್ಕೆ ಅವನ ಹಾರ್ನ್ ಏರದ ಹೊರತು ಕಾರ್ಯ ಶುರುವಾಯಿತು ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ.

ಅವನ ಮದುವೆಯದೇ ಒಂದು ಕಥೆ. ಜಗಳೂರಿನಲ್ಲಿ ಹೆಣ್ಣಿನ ಮನೆಯ ಮುಂದೆ ಚಪ್ಪರ ಹಾಕಿದ್ದರು. ಅಲ್ಲಿಯ ಮೈಕಿನವನು ತಂದಿದ್ದ ಸೆಟ್ಟು ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಹಸೆಯ ಮೇಲೆ ಕೂತ ಮದುಮಗ ಸ್ವಲ್ಪ ಹೊತ್ತು ಹಲ್ಲು ಕಚ್ಚಿ ತಡೆದುಕೊಂಡ. ಆಮೇಲೆ ಬಾಸಿಂಗ ಕಟ್ಟಿಕೊಂಡೇ ಎದ್ದುಹೋಗಿ, ಪೆಟ್ಟಿಗೆಯ ಹಿಂಬದಿಗೆ ಕೈ ಹಾಕಿ ಯಾವುದೋ ತಂತಿ ಬಿಗಿದು, ಸದ್ದು ನಿಂತ ಮೇಲೆಯೇ ಬಂದು ಕೂತ.

"ಏನೇ ಕಸ್ತೂರಿ, ನಿನ್ನ ಗಂಡ ತಾಳಿ ಕಟ್ಟಾಕೆ ಬಂದಾನೋ, ಮೈಕ್ ರಿಪೇರಿ ಮಾಡಾಕೆ ಬಂದಾನೋ?" ಎಂದು ಅವಳ ಚಿಕ್ಕಮ್ಮ ಕಿವಿಯಲ್ಲಿ ಕೇಳಿದಾಗ ಕಸ್ತೂರಮ್ಮ ತಲೆ ತಗ್ಗಿಸಿಕೊಂಡೇ ನಕ್ಕಿದ್ದಳು. ನಿಜ ಹೇಳಬೇಕೆಂದರೆ ಅವಳಿಗೆ ಅದು ಇಷ್ಟವೇ ಆಗಿತ್ತು. ಕೆಟ್ಟದ್ದನ್ನು ಕಂಡೂ ಸುಮ್ಮನೆ ಕೂರದ ಗಂಡಸು ಮನೆಯನ್ನೂ ಹಾಗೇ ನೋಡಿಕೊಳ್ಳುತ್ತಾನೆ ಅಂತ ಅವಳ ಲೆಕ್ಕ.

ನ್ಯಾಮತಿಯ ಮನೆ ಅಂದರೆ ಎರಡೇ ಕೋಣೆ. ಹಿಂದಿನದರಲ್ಲಿ ಅಡುಗೆ, ಊಟ, ನಿದ್ದೆ. ಮುಂದಿನದರಲ್ಲಿ ಬರೀ ಸಾಮಾನು. ಗೋಡೆಗೊರಗಿಸಿದ ಹಾರ್ನುಗಳು, ಸುತ್ತಿಟ್ಟ ವೈರು, ಗ್ರಾಮಫೋನಿನ ರೆಕಾರ್ಡುಗಳ ಪೆಟ್ಟಿಗೆ, ಮೇಜಿನ ಮೇಲೆ ವಾಲ್ವಿನ ಆಂಪ್ಲಿಫೈಯರು. ಸ್ವಿಚ್ ಹಾಕಿ, ಗಾಜಿನ ವಾಲ್ವುಗಳು ಕಾದು ಕೆಂಪಗಾಗುವ ತನಕ ಕಾಯಬೇಕು. ಆಮೇಲೇ ಅದಕ್ಕೆ ಜೀವ. ಯಾವ ಊರಿಗೆ ಹೋಗುವುದಿದ್ದರೂ ಷಣ್ಮುಖಪ್ಪ ಅಂಗಳದ ಕಂಬಕ್ಕೆ ಹಾರ್ನ್ ಕಟ್ಟಿ, ಪೂರ್ತಿ ದನಿ ಏರಿಸಿ ನೋಡಿಯೇ ಗಾಡಿಗೆ ಹೇರುತ್ತಿದ್ದ. ಓಣಿಯ ನಾಯಿಗಳು ಬಾಲ ಮುದುರಿಕೊಂಡು ಓಡುತ್ತಿದ್ದವು.

"ನಮ್ಮ ಹಂಚು ಹಾರಿಸಿಬಿಡ್ತೀಯಲ್ಲೋ ಷಣ್ಮುಖ! ಸ್ವಲ್ಪ ತಗ್ಸೋ ಮಾರಾಯ," ಎಂದು ಎದುರು ಮನೆಯ ದುರುಗಕ್ಕ ಬಾಗಿಲಲ್ಲಿ ನಿಂತು ಬೈಯುತ್ತಿದ್ದಳು.

"ಹಂಚು ಹಾರಿದ್ರೆ ಹೊಸದು ಹೊದಿಸ್ತೀನಿ, ಒಳಗೆ ಹೋಗು ದುರುಗಕ್ಕ," ಎಂದು ಅವನು ಮೈಕಿನಲ್ಲೇ ಉತ್ತರ ಕೊಡುತ್ತಿದ್ದ. ಅದು ಬಸ್ ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು.

ಎಪ್ಪತ್ತನಾಲ್ಕರಲ್ಲಿ ಚೊಚ್ಚಲ ಹೆರಿಗೆಗೆಂದು ಕಸ್ತೂರಮ್ಮ ಜಗಳೂರಿಗೆ ಹೋದಳು. ಹೆಣ್ಣು ಕೂಸು ಹುಟ್ಟಿತು. ನಾಮಕರಣದ ದಿನ ಷಣ್ಮುಖಪ್ಪನ ತಂಗಿ ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಕೂಗಿ 'ನೀಲಾಂಬಿಕೆ' ಅಂತ ಹೆಸರು ಹೇಳಿದಳು. ಹಿಂದೆ ನಿಂತ ಹೆಂಗಸರೆಲ್ಲ ವಾಡಿಕೆಯಂತೆ ಅವಳ ಬೆನ್ನಿಗೆ ಧಪಧಪ ಗುದ್ದಿ ಗದ್ದಲವೆಬ್ಬಿಸಿದರು. ಕೂಸು ಕಣ್ಣು ಸಹ ತೆರೆಯಲಿಲ್ಲ. "ಎಂಥಾ ಸಮಾಧಾನದ ಕೂಸವ್ವಾ," ಎಂದು ಬಂದವರು ಹೊಗಳಿದರು.

ಐದು ತಿಂಗಳಿಗೆ ತಾಯಿ ಮಗು ನ್ಯಾಮತಿಗೆ ಬಂದಾಗ ಅತ್ತೆ ಶಿವಗಂಗಮ್ಮನಿಗೆ ಒಂದೇ ಚಿಂತೆ. "ಕೂಸು ಬೆಚ್ಚಿಬೀಳ್ತೈತೆ ಕಣೋ, ಇನ್ಮೇಲೆ ಹಾರ್ನ್ ಇಲ್ಲಿ ಹಾಕಬ್ಯಾಡ," ಅಂದಳು. ಷಣ್ಮುಖಪ್ಪ ಮೊದಲು ಸಣ್ಣಗೆ ಹಾಕಿ ನೋಡಿದ. ಕೂಸು ಮಲಗಿಯೇ ಇತ್ತು. ಸ್ವಲ್ಪ ಏರಿಸಿದ. ಮಲಗಿಯೇ ಇತ್ತು. ಪೂರ್ತಿ ಏರಿಸಿದಾಗ ದುರುಗಕ್ಕ ಬಾಗಿಲಿಗೆ ಬಂದಳೇ ಹೊರತು ತೊಟ್ಟಿಲು ಅಲ್ಲಾಡಲಿಲ್ಲ.

ಶಿವಗಂಗಮ್ಮನ ಮುಖ ಅರಳಿತು. "ನೋಡಿದೆಯೇನೇ ದುರುಗಿ, ಮೈಕಿನ ಮನೆ ಕೂಸು! ಹೊಟ್ಟೆಯೊಳಗಿದ್ದಾಗಲೇ ಅಭ್ಯಾಸ ಆಗೈತೆ. ಹಾರ್ನೇ ಜೋಗುಳ ಅದಕ್ಕೆ."

ಈ ಮಾತು ಓಣಿಯಲ್ಲಿ ಹಬ್ಬಿತು. ಮಗುವನ್ನು ನೋಡಲು ಬಂದವರಿಗೆ ಅದೇ ಒಂದು ತಮಾಷೆ. ಷಣ್ಮುಖಪ್ಪ ಹಾರ್ನ್ ಹಚ್ಚಿ ತೋರಿಸುವನು, ಮಲಗಿದ ಕೂಸನ್ನು ಕಂಡು ಬಂದವರು ಬೆರಗಾಗುವರು. ಕಸ್ತೂರಮ್ಮನೂ ನಗುತ್ತಿದ್ದಳು. ಎಳೆಗೂಸಿನ ತಾಯಿಗೆ ಮಲಗುವ ಕೂಸಿಗಿಂತ ದೊಡ್ಡ ಭಾಗ್ಯ ಯಾವುದು? ರೊಟ್ಟಿ ಬಡಿಯುವಾಗ, ಪಾತ್ರೆ ಬೆಳಗುವಾಗ ಸದ್ದಾದೀತೆಂದು ಅಂಜಬೇಕಾಗಿರಲಿಲ್ಲ. ಮಗು ನೋಟದಲ್ಲಿ ಚುರುಕಾಗಿತ್ತು. ತಾಯಿಯ ಸೆರಗು ಕಂಡರೆ ಕೈಕಾಲು ಬಡಿಯುತ್ತಿತ್ತು. ಮೊದಮೊದಲು 'ಗೂ', 'ಆ' ಎಂದದ್ದೂ ಉಂಟು. ಆಮೇಲೆ ಅದು ಕಡಿಮೆಯಾಯಿತು. ಹೆಣ್ಣುಮಗು, ಗಂಭೀರ ಸ್ವಭಾವ ಅಂದುಕೊಂಡರು.

ಮಗುವಿಗೆ ಒಂದೂವರೆ ವರ್ಷವಾದಾಗ ಕಸ್ತೂರಮ್ಮ ತವರಿಗೆ ಹೋದಳು. ಜಗಳೂರಿನ ಅಂಗಳದಲ್ಲಿ ನೀಲಾ ಶೇಂಗಾ ಸಿಪ್ಪೆ ಆರಿಸುತ್ತಾ ಕೂತಿದ್ದಳು. ಅವಳ ಬೆನ್ನ ಹಿಂದೆ, ಬಚ್ಚಲ ಕಟ್ಟೆಯ ಮೇಲಿಂದ ತಾಮ್ರದ ಹಂಡೆ ಜಾರಿ ಕಲ್ಲಿನ ಮೇಲೆ ಬಿತ್ತು. ಕೋಳಿಗಳು ದಿಕ್ಕಾಪಾಲಾದವು. ಕಟ್ಟಿಹಾಕಿದ್ದ ಟಗರು ಹಗ್ಗ ಜಗ್ಗಿತು. ಕಸ್ತೂರಮ್ಮನ ಕೈಯ ಮೊರವೇ ಬಿದ್ದುಹೋಯಿತು. ನೀಲಾ ಒಂದು ಸಿಪ್ಪೆಯನ್ನು ಇನ್ನೊಂದರೊಳಗೆ ಕೂರಿಸಲು ನೋಡುತ್ತಿದ್ದಳು.

"ಮೈಕಿನ ಮನೆ ಕೂಸಲ್ವೇನೇ, ಅದಕ್ಕೆ ಇದೆಲ್ಲಾ ಯಾವ ಲೆಕ್ಕ," ಎಂದು ಕಸ್ತೂರಮ್ಮನ ಅಣ್ಣ ಮಹೇಶ್ವರಪ್ಪ ನಕ್ಕ.

ತಾಯಿ ಸರ್ವಮಂಗಳಮ್ಮ ನಗಲಿಲ್ಲ. ಮಗುವಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಎರಡು ಸಲ ಚಪ್ಪಾಳೆ ತಟ್ಟಿದಳು. ಆಮೇಲೆ ಮಗಳ ಮುಖ ನೋಡದೆ ಕೇಳಿದಳು: "ಇಲ್ಲಿ ಮೈಕ್ ಎಲ್ಲೈತೆ ಕಸ್ತೂರಿ?"

ಇಷ್ಟು ದಿನ ಹೊಗಳಿಕೆಯಾಗಿದ್ದದ್ದು ಒಂದೇ ಮಾತಿಗೆ ಏನಾಗಿಹೋಯಿತು! ಕಸ್ತೂರಮ್ಮ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ, ಬಾಗಿಲು ಹಾಕಿ, ಅದರ ಕಿವಿಯ ಹತ್ತಿರ ಬಾಯಿಟ್ಟು ಹೆಸರು ಹಿಡಿದು ಕೂಗಿದಳು. ಉಸಿರು ತಾಗಿ ಕಚಗುಳಿಯಾದದ್ದಕ್ಕೆ ನೀಲಾ ಕತ್ತು ಕುಗ್ಗಿಸಿ ನಕ್ಕಳು.

ಶಿವಮೊಗ್ಗದ ಕಿವಿ ಡಾಕ್ಟರು ಗಂಟೆ ಬಾರಿಸಿ ನೋಡಿದರು, ಕಿವಿಯೊಳಗೆ ದೀಪ ಬಿಟ್ಟು ನೋಡಿದರು. "ಹುಟ್ಟಿನಿಂದಲೇ ಇರೋದು. ನರದ ದೋಷ ಅನ್ನಿಸುತ್ತೆ. ಯಾಕೆ ಅಂತ ಹೇಳೋಕಾಗಲ್ಲ. ಮೈಸೂರಿಗೆ ಕರೆದುಕೊಂಡು ಹೋಗಿ, ಅಲ್ಲಿ ಸರಿಯಾಗಿ ಪರೀಕ್ಷೆ ಮಾಡಿ ಕಿವಿಗೆ ಯಂತ್ರ ಕೊಡ್ತಾರೆ, ಮಾತು ಕಲಿಸ್ತಾರೆ. ತಡ ಮಾಡಬೇಡಿ. ಮಾತು ಕಲಿಯೋ ವಯಸ್ಸು ನಮಗೋಸ್ಕರ ಕಾಯಲ್ಲ."

ಇಷ್ಟು ಮಾತಿನಲ್ಲಿ ಷಣ್ಮುಖಪ್ಪನ ಕಿವಿಗೆ ಬಿದ್ದದ್ದು ಒಂದೇ ಶಬ್ದ. "ಯಂತ್ರ ಅಂದ್ರಲ್ಲ ಸಾರ್, ಅದು ಆಂಪ್ಲಿಫೈಯರೇ ತಾನೆ? ಒಂದು ಸಣ್ಣ ಮೈಕು, ಒಂದು ಆಂಪ್ಲಿಫೈಯರು, ಕಿವಿಗೊಂದು ಸ್ಪೀಕರು?"

"ಒಂಥರಾ ಹಾಗೇ ಅನ್ನಿ," ಅಂದರು ಡಾಕ್ಟರು.

ಅವರು ಹಾಗೆನ್ನದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಕಸ್ತೂರಮ್ಮ ಆಮೇಲೆ ಎಷ್ಟೋ ಸಲ ಅಂದುಕೊಂಡಳು. ಬಸ್ಸಿನಲ್ಲಿ ಗಂಡ ಶಿವಮೊಗ್ಗ ದಾಟುವ ಮೊದಲೇ ಹೇಳಿಬಿಟ್ಟ: "ಅದಕ್ಕೆ ಮೈಸೂರಿಗ್ಯಾಕೆ ಹೋಗಬೇಕು? ಊರಿಗೆಲ್ಲಾ ಕೇಳಿಸೋ ನಾನು ನನ್ನ ಮಗಳಿಗೆ ಕೇಳಿಸ್ಲಾರೆನೇನೇ?"

ಅಂದಿನಿಂದ ಮುಂದಿನ ಕೋಣೆಯ ಮೇಜು ನೀಲಾಳ ಪಾಲಾಯಿತು. ಮಿಲಿಟರಿಯವರು ಬಿಟ್ಟ ಹಳೆಯ ಹೆಡ್‌ಫೋನ್ ಒಂದನ್ನು ತಂದು, ಕಿವಿಗೆ ಒತ್ತದ ಹಾಗೆ ಅದಕ್ಕೆ ಕಸ್ತೂರಮ್ಮನ ಹಳೇ ಸೀರೆಯ ಮೆತ್ತೆ ಹೊಲಿಸಿದ. ತನ್ನ ಹತ್ತಿರವಿದ್ದ ಒಳ್ಳೆಯ ಮೈಕನ್ನು ಬಾಡಿಗೆಗೆ ಕೊಡುವುದು ನಿಲ್ಲಿಸಿ ಅದಕ್ಕೇ ಇಟ್ಟುಕೊಂಡ. ಮೈಕಿಗೂ ಆಂಪ್ಲಿಫೈಯರಿಗೂ ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಬರುತ್ತದೆ. ಬೆಂಕಿಪೊಟ್ಟಣದಷ್ಟು ದೊಡ್ಡದು, ಒಳಗೆ ತೆಳ್ಳನೆಯ ತಗಡು, ಅದರ ಸುತ್ತ ಕೂದಲಿಗಿಂತ ಸಣ್ಣ ತಂತಿ. ಎಲ್ಲ ಇರುವುದು ಅದರಲ್ಲೇ ಎಂದು ಅವನ ನಂಬಿಕೆ.

ಒಂದು ದಿನ ಕಸ್ತೂರಮ್ಮ ಸೀಸೆಗೆ ಸೀಮೆಎಣ್ಣೆ ಹಾಕುತ್ತಿದ್ದಾಗ ಅದನ್ನೇ ತೋರಿಸಿ ಕೇಳಿದ. "ಡಬ್ಬಿಯಿಂದ ಹಂಗೇ ಸುರಿದ್ರೆ ಏನಾಗ್ತೈತೆ?"

"ಅರ್ಧ ನೆಲದ ಪಾಲು."

"ಅದಕ್ಕೇ ಲಾಳಿಕೆ ಇಟ್ಟೀಯ. ಇದೂ ಹಂಗೇ ಕಣೇ. ಮೈಕು ಕೊಡೋದು ಅಷ್ಟೇ ಅಷ್ಟು. ಅದನ್ನ ವಾಲ್ವಿನ ಬಾಯಿಗೆ ಸರಿಯಾಗಿ ಹಾಕಬೇಕು. ಆ ಮೈಕಿಗೂ ಈ ವಾಲ್ವಿಗೂ ಹೊಂದೋ ಟ್ರಾನ್ಸ್‌ಫಾರ್ಮರ್ ಸಿಗಲಿಲ್ಲ ಅಂದ್ರೆ ಅರ್ಧ ದನಿ ದಾರೀಲೇ ಸಾಯ್ತೈತೆ. ನೀಲಾಗೂ ಅಷ್ಟೇ. ಕಿವಿ ಐತೆ, ದನಿ ಐತೆ. ನಡುವೆ ಜೋಡಿ ಕೂಡಿಲ್ಲ."

"ಡಾಕ್ಟರು ನರ ಅಂದ್ರಲ್ರೀ?"

"ನರ ಅಂದ್ರೂ ತಂತಿನೇ ಅಲ್ವೇನೇ?"

ಅವನ ಮುಖ ನೋಡಿದರೆ ಅವಳಿಗೆ ವಾದ ಮಾಡುವ ಮನಸ್ಸಾಗುತ್ತಿರಲಿಲ್ಲ. ಏಕೆಂದರೆ ಆ ಹಟದ ಕೆಳಗೆ ಏನಿದೆ ಅಂತ ಅವಳಿಗೆ ಗೊತ್ತಿತ್ತು. ಶಿವಗಂಗಮ್ಮ ಒಮ್ಮೆ ದುರುಗಕ್ಕನ ಹತ್ತಿರ ಕೂತು, "ಬಸುರಿ ಹೆಂಗಸನ್ನ ಹಾರ್ನಿನ ಕೆಳಗೇ ಇಟ್ಕೊಂಡ್ರೆ ಇನ್ನೇನಾಗ್ತೈತೆ? ಅವನಿಗೆ ಬುದ್ಧಿ ಬ್ಯಾಡವೇ?" ಅಂದದ್ದನ್ನು ಮಗ ಕಿಟಕಿಯಿಂದ ಕೇಳಿಸಿಕೊಂಡಿದ್ದ. ಆ ದಿನ ಅವನು ಉಣ್ಣಲಿಲ್ಲ. ಅಂಗಳದ ಕಂಬ ಕಿತ್ತು ಹಾಕಿದ. ಹಾರ್ನಿನಿಂದ ಆಗಿದ್ದಲ್ಲ, ಡಾಕ್ಟರೇ ಹೇಳಿದ್ದಾರಲ್ಲ ಎಂದು ಕಸ್ತೂರಮ್ಮ ಎಷ್ಟು ಹೇಳಿದರೂ, "ಯಾಕೆ ಅಂತ ಹೇಳೋಕಾಗಲ್ಲ ಅಂತಾನೂ ಹೇಳ್ಯಾರಲ್ಲ," ಎಂದು ತಿರುಗಿಸಿ ಹೇಳುತ್ತಿದ್ದ.

ಹೊಂದುವ ಟ್ರಾನ್ಸ್‌ಫಾರ್ಮರ್ ಸಿಗಲಿಲ್ಲ. ಒಂದರಲ್ಲಿ ದನಿ ತೆಳ್ಳಗೆ, ತಗಡಿನ ಡಬ್ಬಿಯೊಳಗಿಂದ ಬಂದಂತೆ. ಇನ್ನೊಂದರಲ್ಲಿ ಬರೀ ಗುಂಯ್. ಸ್ಪೀಕರಿನ ಕಡೆ ಇರಬೇಕಾದ್ದನ್ನು ತಿರುಗಿಸಿ ಮೈಕಿನ ಕಡೆ ಹಾಕಿದ. ಆಗಲಿಲ್ಲ. ಕಡೆಗೆ ತಾನೇ ಸುತ್ತುತ್ತೇನೆಂದು ಕೂತ. ಕಸ್ತೂರಮ್ಮ ತಂತಿಯ ಉರುಳೆ ಹಿಡಿಯಬೇಕು, ಅವನು ಒಂದೊಂದೇ ಸುತ್ತು ಹಾಕಬೇಕು. ಮಗು ಬಂದು ಸೆರಗೆಳೆದರೆ ತಂತಿ ಕಡಿಯಿತು, ಮತ್ತೆ ಮೊದಲಿನಿಂದ. ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಬಂದಿದ್ದರೆ ಜಗಳವಾದರೂ ಆಡಬಹುದಿತ್ತು.

"ಮೈಸೂರು?" ಎಂದು ಅವಳು ಆಗಾಗ ಕೇಳುವಳು.

"ಈ ಮದುವೆ ಸೀಜನ್ ಮುಗೀಲಿ."

ಮದುವೆ ಮುಗಿದರೆ ಮಳೆ. ಮಳೆಯಲ್ಲಿ ಸುತ್ತಿದ ತಂತಿಗೆ ತೇವ ಹಿಡಿಯುತ್ತದೆ, ಒಣಗಲಿ. ಒಣಗಿದರೆ ಶ್ರಾವಣದ ಪುರಾಣ. ಹೀಗೆ ನೀಲಾಳ ವಾರಿಗೆಯ ಓಣಿಯ ಮಕ್ಕಳು ಅವ್ವ ಅಂದರು, ಬೈಗುಳ ಕಲಿತರು, ಪದ ಹೇಳಿ ಕುಣಿದರು. ನೀಲಾ ಮಾತ್ರ ಬೇಕಾದ್ದಕ್ಕೆ ಬೆರಳು ತೋರಿಸುತ್ತಿದ್ದಳು. ತೋರಿಸಿದ್ದು ತಿಳಿಯದಿದ್ದರೆ ಹಣೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದಳು. ಕಸ್ತೂರಮ್ಮ ನಡುವೆ ಅಂಗೈ ಒಡ್ಡಿ, ಆ ಪೆಟ್ಟನ್ನು ತಾನು ತಿನ್ನುತ್ತಾ, ಡಾಕ್ಟರ ಮಾತನ್ನು ನೆನೆಯುತ್ತಿದ್ದಳು. ಕಾಯಲ್ಲ ಅಂದಿದ್ದರು.

ಮಗುವಿಗೆ ಮೂರು ತುಂಬಿದ ಮೇಲೆ ಚನ್ನಗಿರಿಯಿಂದ ಹನುಮಣ್ಣ ಬಂದ. ಅವನು ಅಲ್ಲಿಯ ಟೆಂಟ್ ಸಿನಿಮಾದಲ್ಲಿ ಮಿಷನ್ ಓಡಿಸುವವನು, ಷಣ್ಮುಖಪ್ಪನಿಗೆ ಹಳೆಯ ಗೆಳೆಯ. ಟವೆಲಿನಲ್ಲಿ ಸುತ್ತಿ ತಂದಿದ್ದನ್ನು ಮೇಜಿನ ಮೇಲಿಟ್ಟ.

"ಟೆಂಟಿನ ಹಳೇ ಪೆಟ್ಟಿಗೆ ಬಿಚ್ಚಿದ್ವಿ. ಹಡಗು ಹತ್ತಿ ಸೀಮೆಯಿಂದ ಬಂದದ್ದು ಇದು. ನಮ್ಮ ಟೆಂಟ್ ಮಾಲೀಕ ಮುದುಕಪ್ಪ ಸಾಹುಕಾರನಿಗಿಂತ ವಯಸ್ಸಾಗೈತೆ, ಆದ್ರೆ ಅವನಂಗೆ ಗೊರಗೊರ ಅನ್ನಲ್ಲ, ತಗಾ."

ದಪ್ಪ ಕಬ್ಬಿಣದ ಡಬ್ಬಿಯೊಳಗೆ ಕೂತ ಟ್ರಾನ್ಸ್‌ಫಾರ್ಮರ್. ಷಣ್ಮುಖಪ್ಪ ಅದನ್ನು ಕೈಯಲ್ಲಿ ತೂಗಿ ನೋಡುವಾಗ ಅವನ ಮುಖ ಮದುವೆಯ ದಿನದ್ದಾಯಿತು. ಹೊರಡುವಾಗ ಹನುಮಣ್ಣ ಬಾಗಿಲಲ್ಲಿ ಕಸ್ತೂರಮ್ಮನಿಗೆ ತಗ್ಗಿದ ದನಿಯಲ್ಲಿ, "ತಂಗೀ, ಮೈಸೂರಿಗೂ ಒಂದು ಸಲ ತೋರಿಸ್ರಮ್ಮ. ಇವನ ಕೈ ಒಳ್ಳೇದೇ, ಆದ್ರೂ..." ಅಂದು ಮಾತು ಮುಗಿಸದೆ ಹೋದ.

ಅದನ್ನು ಜೋಡಿಸಿದ ಮಧ್ಯಾಹ್ನ ಷಣ್ಮುಖಪ್ಪ ಮಗಳನ್ನು ಮೇಜಿನ ಮುಂದೆ ಸ್ಟೂಲಿನ ಮೇಲೆ ಕೂರಿಸಿದ. ಹೆಡ್‌ಫೋನ್ ಹಾಕಿದ. ತನಗೂ ಕೇಳಲೆಂದು ಮೇಜಿನ ಮೇಲೆ ಮರದ ಪೆಟ್ಟಿಗೆಯ ಸ್ಪೀಕರ್ ಒಂದನ್ನೂ ಸೇರಿಸಿದ್ದ. ವಾಲ್ವು ಕಾದವು. ಕೋಣೆಯ ಮೂಲೆಗೆ ಹೋಗಿ ಮೈಕ್ ಹಿಡಿದು, "ನೀಲಾ..." ಅಂದ.

ಆ ಪೆಟ್ಟಿಗೆಯಿಂದ ಅಂಥ ದನಿ ಯಾವತ್ತೂ ಬಂದಿರಲಿಲ್ಲ. ತುಂಬಿದ, ದಪ್ಪನೆಯ, ಪಕ್ಕದಲ್ಲೇ ಕೂತು ಮಾತಾಡಿದಂಥ ದನಿ. ಮೇಜಿನ ಮೇಲೆ ಕೈಯೂರಿದ್ದ ನೀಲಾ ಕಣ್ಣರಳಿಸಿದಳು. ಅಪ್ಪ ಮತ್ತೆ ಕರೆದ. ಅವಳು ಕಿಲಕಿಲ ನಕ್ಕು ಎರಡೂ ಕೈಯಿಂದ ಮೇಜು ಬಡಿದಳು.

"ಕೇಳ್ತು! ಅವ್ವಾ, ಕೇಳ್ತು ಕಣವ್ವಾ ಇದಕ್ಕೆ!"

ಶಿವಗಂಗಮ್ಮ ಅಡುಗೆಮನೆಯಿಂದ ಓಡಿ ಬಂದು ಮೊಮ್ಮಗಳ ದೃಷ್ಟಿ ತೆಗೆದಳು. ಷಣ್ಮುಖಪ್ಪ ಅಳುತ್ತಿದ್ದ. ಕಸ್ತೂರಮ್ಮನೂ ಅತ್ತಳು. ಅವನು ಓಣಿಯ ಮನೆಮನೆಗೂ ಸಕ್ಕರೆ ಹಂಚಿ ಬಂದ. "ಮೈಸೂರಂತೆ ಮೈಸೂರು!" ಎಂದು ದುರುಗಕ್ಕನ ಮುಂದೆ ಎದೆ ತಟ್ಟಿಕೊಂಡ. ಆ ಸಂತೋಷದಲ್ಲೇ ಮಾರನೆಯ ದಿನ ಹೊನ್ನಾಳಿ ಕಡೆಯ ಮದುವೆಗೆ ಬೇರೆ ಸೆಟ್ಟು ಹೇರಿಕೊಂಡು ಹೋದ.

ಅವನು ಹೋದ ಮೇಲೆ ಕಸ್ತೂರಮ್ಮನಿಗೆ ಮಗಳನ್ನು ತಾನೂ ಒಮ್ಮೆ ಕರೆಯುವ ಆಸೆಯಾಯಿತು. ಸ್ವಿಚ್ಚು ಎಲ್ಲಿ ಅಂತ ಅವಳಿಗೆ ಗೊತ್ತಿತ್ತು. ಮಗುವಿಗೆ ಹೆಡ್‌ಫೋನ್ ಹಾಕಿ, ತೊಡೆಯ ಮೇಲೆ ಕೂರಿಸಿಕೊಂಡು ಚಾಪೆಯ ಮೇಲೆ ಕೂತಳು. ಮೈಕಿನಲ್ಲಿ, "ನೀಲಾ, ನನ್ನ ಬಂಗಾರ," ಅಂದಳು. ಮಗು ಹೆಡ್‌ಫೋನಿನ ಮೆತ್ತೆ ಎಳೆಯುತ್ತಿತ್ತು. ಜೋರಾಗಿ ಕರೆದಳು. ಗುಂಡಿ ತಿರುವಿ ಇನ್ನೂ ಜೋರಾಗಿ ಕರೆದಳು. ಸ್ಪೀಕರಿನಲ್ಲಿ ಅವಳ ದನಿ ಕೋಣೆ ತುಂಬಿತು. ಮಗು ಆಕಳಿಸಿತು.

ವೈರೇನಾದರೂ ಬಿಟ್ಟಿತೇನೋ ಎಂದು ಎದ್ದು ಮೇಜಿನ ಹತ್ತಿರ ಹೋದಳು. ಮಗು ಕಂಕುಳಿಂದ ಬಾಗಿ ಮರದ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಿತು. ಕಸ್ತೂರಮ್ಮ ಕೈಯಲ್ಲೇ ಇದ್ದ ಮೈಕಿನ ಮುಂದೆ, "ಏನೇ ಅದು?" ಅಂದದ್ದೇ ತಡ, ಕಿಲಕಿಲ ನಕ್ಕಿತು.

ಕಸ್ತೂರಮ್ಮ ಮಗುವಿನ ಕೈ ಪಕ್ಕ ತನ್ನ ಕೈಯನ್ನೂ ಇಟ್ಟು, ಮೈಕಿನಲ್ಲಿ ಆ ಎಂದಳು. ಮರ ಸಣ್ಣಗೆ ನಡುಗಿತು. ದಪ್ಪ ದನಿಗೆ ಹೆಚ್ಚು, ಸಣ್ಣ ದನಿಗೆ ಕಡಿಮೆ. ಮಗುವಿನ ಕೈ ಎತ್ತಿ ಪೆಟ್ಟಿಗೆಯಿಂದ ದೂರ ಹಿಡಿದು ಮತ್ತೆ ಕೂಗಿ ನೋಡಿದಳು, ಮಗು ನಗಲಿಲ್ಲ. ಕೈ ಬಿಟ್ಟಳು, ಹಿಡಿದಳು. ನೋಡುವುದೆಲ್ಲ ನೋಡಿ ಆದಮೇಲೆ ಸ್ವಿಚ್ ಆರಿಸಿ, ಅನ್ನಕ್ಕೆ ಎಸರಿಟ್ಟಳು. ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಕಣ್ಣು ಮಂಜಾಗಿ, ಎಷ್ಟು ಆರಿಸಿದರೂ ಮುಗಿಯಲಿಲ್ಲ.

ಮರುದಿನ ಸಂಜೆ ಗಂಡ ಬಂದು ಕೈಕಾಲು ತೊಳೆದು ಕಾಫಿ ಕುಡಿಯುವವರೆಗೆ ಸುಮ್ಮನಿದ್ದಳು. ಆಮೇಲೆ, "ರೀ, ಇನ್ನೊಂದು ಸಲ ಮಾಡಿ ತೋರಿಸ್ರಿ," ಅಂದಳು.

"ಒಂದು ಸಲ ಏನು, ನೂರು ಸಲ ಮಾಡ್ತೀನಿ!" ಎಂದು ಅವನು ಉತ್ಸಾಹದಿಂದ ಎದ್ದ.

ಅವಳು ಮಗಳಿಗೆ ಹೆಡ್‌ಫೋನ್ ಹಾಕಿ, ತೊಡೆಯ ಮೇಲೆ ಗೋಡೆಗೆ ಮುಖಮಾಡಿ ಕೂರಿಸಿಕೊಂಡಳು. "ಈಗ ಕರೀರಿ."

ಕರೆದ. ಮತ್ತೆ ಕರೆದ. ಶಿವಗಂಗಮ್ಮ ಬಾಗಿಲಿಗೆ ಬಂದು ನಿಂತಳು. ಮೂರನೆಯ ಸಲ ಅವನ ದನಿ ಒಡೆದಿತ್ತು. ನೀಲಾ ಗೋಡೆಯ ಸುಣ್ಣ ಕೆರೆಯುತ್ತಿದ್ದಳು. ಕಸ್ತೂರಮ್ಮ ಎದ್ದು ಮಗಳ ಅಂಗೈಯನ್ನು ಮರದ ಪೆಟ್ಟಿಗೆಯ ಮೇಲೆ ಇಟ್ಟಳು. "ಈಗ ಕರೀರಿ," ಅಂದಳು. ಅವನು ಕರೆದ. ನೀಲಾ ನಕ್ಕಳು.

ಷಣ್ಮುಖಪ್ಪ ಮೈಕ್ ಕೆಳಗಿಟ್ಟು ಪೆಟ್ಟಿಗೆಯ ಹಿಂಬದಿಗೆ ಹೋದ. ಬೆನ್ನು ತಿರುಗಿಸಿಕೊಂಡೇ, "ಎಲ್ಲೋ ಬೆಸುಗೆ ಬಿಟ್ಟೈತೆ. ಹೆಡ್‌ಫೋನಿಗೆ ಹೋಗ್ತಾ ಇಲ್ಲ," ಅಂದ.

"ಬಿಟ್ಟಿಲ್ಲ ರೀ. ನಾನು ಹಾಕ್ಕೊಂಡು ನೋಡೀನಿ. ಎಲ್ಲಾ ಸರಿಯಾಗೈತೆ. ಈ ಪೆಟ್ಟಿಗೆ ಇಷ್ಟು ಚೆನ್ನಾಗಿ ಯಾವತ್ತೂ ಮಾತಾಡಿರಲಿಲ್ಲ. ಅದಕ್ಕೇ ಕೂಸಿನ ಕೈಗೆ ಗೊತ್ತಾಗ್ತೈತೆ."

ಅವನು ತಿರುಗಲಿಲ್ಲ. ಬಿಸಿ ವಾಲ್ವಿನ ಮೇಲೆ ಬೆರಳಿಟ್ಟಿದ್ದನೋ ಏನೋ, ಚರ್ಮ ಸುಟ್ಟ ವಾಸನೆ ಬಂದು ಅವಳೇ ಓಡಿಹೋಗಿ ಕೈ ಎಳೆದಳು.

"ಅಣ್ಣನಿಗೆ ಹೇಳಿ ಕಳಿಸೀನಿ," ಅಂದಳು, ಬೆರಳಿಗೆ ಬೆಣ್ಣೆ ಹಚ್ಚುತ್ತಾ. "ಮೈಸೂರಿಗೆ ಹೋಗ್ತೀವಿ. ನೀವೂ ಬಂದ್ರೆ ಚೆಂದ."

"ಒಂದು ಮದುವೆಗೆ ಸೆಟ್ಟು ಒಪ್ಪಿಕೊಂಡೀನಿ," ಅಂದ. ಯಾರ ಮದುವೆ ಅಂತ ಅವಳು ಕೇಳಲಿಲ್ಲ.

ಮೈಸೂರಿನಲ್ಲಿ ಗೋಡೆಗೆಲ್ಲ ಮೆತ್ತೆ ಹೊದಿಸಿದ ಕೋಣೆಯೊಳಗೆ ನೀಲಾಳಿಗೆ ಮತ್ತೆ ಹೆಡ್‌ಫೋನ್ ಹಾಕಿದರು. ಹೊರಗೆ ಗಾಜಿನಾಚೆ ಒಬ್ಬ ಹೆಣ್ಣುಮಗಳು ಗುಂಡಿ ತಿರುವುತ್ತಿದ್ದಳು. ಎರಡು ದಿನ ಪರೀಕ್ಷೆ ಮಾಡಿ, ಎಡಗಿವಿಯಲ್ಲಿ ದಪ್ಪ ದನಿಗಳು ಒಂದಿಷ್ಟು, ಬಹಳ ಜೋರು ಮಾಡಿದರೆ ತಾಗುತ್ತವೆ, ಬಲಗಿವಿಯಲ್ಲಿ ಏನೂ ಇಲ್ಲ ಅಂದರು. ಎದೆಯ ಮೇಲೆ ಚೀಲದಲ್ಲಿ ಕಟ್ಟಿಕೊಳ್ಳುವ ಯಂತ್ರ ಕೊಡುತ್ತೇವೆ, ವಿಶೇಷ ಶಾಲೆಗೆ ಸೇರಿಸಿ, ಕಷ್ಟಪಟ್ಟರೆ ಒಂದಿಷ್ಟು ಮಾತು ಬಂದೀತು ಅಂದರು. ಆ ಹೆಣ್ಣುಮಗಳು ನೀಲಾಳ ಕೆನ್ನೆ ಸವರಿ, "ಇನ್ನೂ ಮುಂಚೆ ಕರೆತಂದಿದ್ದರೆ..." ಎಂದು ಶುರು ಮಾಡಿ, ಕಸ್ತೂರಮ್ಮನ ಮುಖ ಕಂಡು ನಿಲ್ಲಿಸಿದಳು.

ನ್ಯಾಮತಿಗೆ ಬಂದು ಅವಳು ಗಂಡನಿಗೆ ಎಲ್ಲ ಹೇಳಿದಳು, ಆ ಅರ್ಧ ಮಾತೊಂದನ್ನು ಬಿಟ್ಟು. ಅವನು ಕೇಳಿದ್ದು ಅದನ್ನೇ. "ಮುಂಚೆ ಬಂದಿದ್ರೆ ಅಂತೇನಾದ್ರೂ ಅಂದ್ರೇನೇ?"

"ಇಲ್ಲ ರೀ."

"ನಿನಗೆ ಸುಳ್ಳು ಹೇಳಾಕೆ ಬರಲ್ಲ ಕಸ್ತೂರಿ," ಅಂದ.

ಅದಾದ ಮೇಲೆ ಅವನು ತಂತಿ ಸುತ್ತಲಿಲ್ಲ. ಸೆಟ್ಟು ಕೊಂಡೊಯ್ಯುವುದು, ತರುವುದು, ಮಾತು ಕೇಳಿದಷ್ಟಕ್ಕೆ. ಮೈಕಿನಲ್ಲಿ ದುರುಗಕ್ಕನಿಗೆ ಉತ್ತರ ಕೊಡುವ ಕಾಲ ಮುಗಿದುಹೋಗಿತ್ತು. ಅವಳೂ ಬೈಯುವುದು ಬಿಟ್ಟಳು. ಎಪ್ಪತ್ತೊಂಬತ್ತರಲ್ಲಿ ನೀಲಾಳನ್ನು ದಾವಣಗೆರೆಯ ಶಾಲೆಗೆ ಸೇರಿಸಿದ್ದು ಕಸ್ತೂರಮ್ಮನೇ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗಿ ತಲೆಗೆ ಎಣ್ಣೆ ಹಚ್ಚಿ, ಯಂತ್ರದ ಚೀಲ ಒಗೆದು ಬರುವವಳೂ ಅವಳೇ. ಎಂಬತ್ತು ದಾಟುತ್ತಲೇ ಪೇಟೆಯಲ್ಲಿ ಟ್ರಾನ್ಸಿಸ್ಟರಿನ ಹಗುರ ಸೆಟ್ಟುಗಳು ಬಂದವು. ಕಾಯುವುದು ಬೇಡ, ಹೊಂದಿಸುವುದು ಬೇಡ, ಯಾವ ಮೈಕ್ ಚುಚ್ಚಿದರೂ ಮಾತಾಡುತ್ತಿದ್ದವು. ಜನ ಆ ಸೆಟ್ಟುಗಳನ್ನೇ ತರಿಸತೊಡಗಿದರು.

ಎಂಬತ್ತಮೂರರ ಬೇಸಿಗೆ ರಜೆಗೆ ಬಂದಾಗ ನೀಲಾಳಿಗೆ ಒಂಬತ್ತು. ಉದ್ದ ಜಡೆ, ಅಪ್ಪನ ಹಾಗೆ ಅಗಲ ಹಣೆ. ಮಾತು ಒರಟಾಗಿ, ತುಂಡುತುಂಡಾಗಿ ಬರುತ್ತಿತ್ತು. ತಾಯಿಗೆ ತಿಳಿಯುತ್ತಿತ್ತು, ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಶಾಲೆಯ ಟೀಚರು ಹೊಸದೊಂದು ಕಲಿಸಿದ್ದರು: ಮಾತಾಡುವವರ ಗಂಟಲಿಗೆ ಬೆರಳು ಹಚ್ಚಿ, ತುಟಿ ನೋಡುತ್ತಾ ಮಾತು ಹಿಡಿಯುವುದು. ಬಂದ ದಿನವೇ ಅಜ್ಜಿಯ ಗಂಟಲು ಹಿಡಿದಳು. ಶಿವಗಂಗಮ್ಮ, "ಅಯ್ಯೋ, ಕೊಲ್ತೀಯೇನೇ ನನ್ನ!" ಎಂದು ಕೂಗಿದ್ದಕ್ಕೆ ನೀಲಾ ನಕ್ಕು, "ಕೊಲ್... ಇಲ್ಲ," ಅಂದಳು. ದುರುಗಕ್ಕನ ಗಂಟಲು ಹಿಡಿದಳು. ಓಣಿಯ ಮಕ್ಕಳೆಲ್ಲ ಸಾಲಾಗಿ ನಿಂತು ಗಂಟಲು ಹಿಡಿಸಿಕೊಂಡರು.

ಅಪ್ಪ ಒಬ್ಬನೇ ಉಳಿದಿದ್ದ. ಅವನು ಯಾವಾಗಲೂ ತಲೆ ಬಗ್ಗಿಸಿ ಏನಾದರೂ ಬಿಚ್ಚುತ್ತಾ ಕೂತಿರುತ್ತಿದ್ದರಿಂದ ಅವಳಿಗೆ ಅವನ ತುಟಿಯೇ ಕಾಣುತ್ತಿರಲಿಲ್ಲ. ಮರಳಿ ಹೋಗುವ ಹಿಂದಿನ ದಿನ ಅವಳು ಮುಂದಿನ ಕೋಣೆಗೆ ಹೋಗಿ, ಗಲ್ಲ ಹಿಡಿದು ಅವನ ಮುಖ ಎತ್ತಿದಳು. ಬೆರಳುಗಳನ್ನು ಅವನ ಗಂಟಲಿಗೆ ಹಚ್ಚಿ, ತುಟಿಯನ್ನೇ ನೋಡುತ್ತಾ ನಿಂತಳು. ಕಸ್ತೂರಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು.

ಅವನ ಗಂಟಲು ಏರಿತು, ಇಳಿಯಿತು. ದನಿ ಬರಲಿಲ್ಲ. ನೀಲಾ ಕಾದಳು. ಹೇಳು ಎಂಬಂತೆ ಹುಬ್ಬು ಹಾರಿಸಿದಳು. ಮತ್ತೆ ಕಾದಳು. ಆಮೇಲೆ ಮಕ್ಕಳಿಗಿರುವಷ್ಟೇ ತಾಳ್ಮೆ ತೀರಿ, ಕೈ ತೆಗೆದು ಓಣಿಗೆ ಓಡಿದಳು.

"ಏನಂತ ಹೇಳ್ಲೇ ನಾನು ಅದಕ್ಕೆ?" ಎಂದು ಷಣ್ಮುಖಪ್ಪ ಕೇಳಿದ. ಮಾತು ಹೆಂಡತಿಗೋ ಮೇಜಿಗೋ ತಿಳಿಯುವಂತಿರಲಿಲ್ಲ.

"ಉಣ್ಣಾಕೆ ಬಾ ಅಂತ ಹೇಳ್ರಿ. ಮೊದಲು ಅಷ್ಟು ಸಾಕು. ರೊಟ್ಟಿ ಆಗ್ಯಾವೆ, ಹೋಗಿ ಕರ್ಕೊಂಡು ಬರ್ರಿ."

ಅವನು ಎದ್ದು ಬಾಗಿಲವರೆಗೆ ಹೋದ. ಓಣಿಯ ತುದಿಯಲ್ಲಿ ಮಗಳು ಬೆನ್ನು ಮಾಡಿ ಕುಂಟೆಬಿಲ್ಲೆ ಆಡುತ್ತಿದ್ದಳು. ಕೂಗಿದರೆ ಆಗದು, ಹತ್ತಿರ ಹೋಗಿ ಮುಖ ತೋರಿಸಿಯೇ ಕರೆಯಬೇಕು. ಬಾಗಿಲ ಚೌಕಟ್ಟಿಗೆ ಕೈಯೂರಿ ಅವನು ನೋಡುತ್ತಾ ನಿಂತ. ಬಹಳ ಹೊತ್ತಾದರೂ ಹೊಸ್ತಿಲು ದಾಟಲಿಲ್ಲ. ರೊಟ್ಟಿ ಆರಿಹೋಗುತ್ತವೆಂದು ಕಸ್ತೂರಮ್ಮ ಕೈ ಒರೆಸಿಕೊಂಡು, ಅವನ ಪಕ್ಕದಿಂದಲೇ ಹಾಯ್ದು, ಮಗಳನ್ನು ಕರೆತರಲು ತಾನೇ ಹೋದಳು.